ಶಿವಮೊಗ್ಗದಿಂದ ಆಗುಂಬೆಗೆ, ಗೋಧಿಯನ್ನು ತಪ್ಪಿಸಿಕೊಂಡು

ಬೆಂಗಳೂರಿನಿಂದ ರಾತ್ರಿಯ ರೈಲು ಹತ್ತಿದ ನಾನು ಮತ್ತು ಹನ್ನೊಂದು ವರ್ಷದ ಮಗ ಶಿವಮೊಗ್ಗದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಆಷಾಢದ ಮಳೆ ಸಣ್ಣಗೆ ಹಿಡಿದುಕೊಂಡಿತ್ತು. ನನಗೆ ಸೀಲಿಯಾಕ್ ಕಾಯಿಲೆಯಿದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುವ ಈ ಕಾಯಿಲೆಗೆ, ಆ ಧಾನ್ಯಗಳನ್ನು ಜೀವನಪೂರ್ತಿ ಬಿಟ್ಟಿರುವುದನ್ನು ಬಿಟ್ಟರೆ ಬೇರೆ ಚಿಕಿತ್ಸೆಯಿಲ್ಲ. ಮಗನದು ಶೇಂಗಾ ಅಲರ್ಜಿ. ಅವನ ತುಟಿ ಊದಿಕೊಳ್ಳಲು ಕೆಲವೇ ನಿಮಿಷ ಸಾಕು. ನನ್ನ ಹೊಟ್ಟೆ ಕೆಟ್ಟರೆ ಸುಧಾರಿಸಲು ದಿನಗಳೇ ಬೇಕು. ಹೀಗಾಗಿ ಹೊರಗೆ ಊಟ ಮಾಡುವುದನ್ನು ನಾವು ಹೆಚ್ಚುಕಡಿಮೆ ನಿಲ್ಲಿಸಿಯೇ ಬಿಟ್ಟಿದ್ದೆವು. ಆದರೆ ಮಲೆನಾಡು ಅಕ್ಕಿಯ ಸೀಮೆ, ಅಲ್ಲಿ ತಿನ್ನುವುದಕ್ಕೆ ಏನು ಕಷ್ಟ ಎಂಬ ಧೈರ್ಯದ ಮೇಲೆ ಹೊರಟಿದ್ದೆ.

ಆ ಧೈರ್ಯ ಮೊದಲ ಹೋಟೆಲಿನಲ್ಲಿಯೇ ಅರ್ಧ ಕರಗಿತು. ಗೋಧಿ ಹಾಕದ ತಿಂಡಿ ಯಾವುದಿದೆ ಎಂದು ಕೇಳಿದ್ದಕ್ಕೆ ಸಪ್ಲೈಯರ್ ಹುಡುಗ, "ಬೆಳಿಗ್ಗೆ ಚಪಾತಿ ಮಾಡಲ್ಲ ಅಮ್ಮ, ಗೋಧಿದು ಎಂತದೂ ಇಲ್ಲ" ಎಂದು ಹೇಳಿ ರವಾ ಇಡ್ಲಿ, ಶ್ಯಾವಿಗೆ ಬಾತ್, ಬನ್ಸ್ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಅವೆಲ್ಲ ಗೋಧಿಯವೇ ಅಲ್ಲವೇ ಎಂದರೆ, "ಅದು ರವೆ, ಇದು ಮೈದಾ" ಎಂದ. ಅವನದು ತಪ್ಪೆಂದು ನಾನು ಹೇಳಲಾರೆ. ನಮ್ಮ ಮಾತಿನಲ್ಲಿ ಗೋಧಿ ಎಂದರೆ ಚಪಾತಿಯ ಹಿಟ್ಟು; ರವೆಯೂ ಮೈದಾವೂ ಅದೇ ಕಾಳಿನಿಂದ ಬಂದವೆಂಬುದು ಅಡುಗೆಮನೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಮಗನ ವಿಷಯದಲ್ಲಿ ಮಾತ್ರ ಉತ್ತರ ನೇರವಾಗಿ ಸಿಕ್ಕಿತು. ಚಟ್ನಿಗೆ ಶೇಂಗಾ ಹಾಕಿದ್ದೀರಾ ಎಂದು ಹುಡುಗ ಒಳಗೆ ಕೂಗಿ ಕೇಳಿದಾಗ, ಕಾಯಿ ದುಬಾರಿಯಾಗಿರುವುದರಿಂದ ಇವತ್ತು ಅರ್ಧಕ್ಕರ್ಧ ಶೇಂಗಾವೇ ಎಂಬ ಮರುಕೂಗು ಬಂತು. ಮಗ ಇಡ್ಲಿಯನ್ನು ಸಕ್ಕರೆ ಮೊಸರಿನಲ್ಲಿ ತಿಂದ. ನಾನು ಖಾಲಿ ದೋಸೆ ತಿಂದೆ. ಗರಿಗರಿಯಾಗಲೆಂದು ಹಿಟ್ಟಿಗೆ ಒಂದು ಹಿಡಿ ಮೈದಾ ಬೆರೆಸುವುದುಂಟೇ ಎಂದು ಕೇಳುವುದು ಹೊಳೆದದ್ದು ಕೈ ತೊಳೆಯುವಾಗ; ಬೆರೆಸುವುದುಂಟು ಎಂಬುದು ಗೊತ್ತಾದದ್ದೂ ಆಗಲೇ.

ಸಕ್ರೆಬೈಲಿನಲ್ಲಿ ಆನೆಗಳನ್ನು ನೋಡಿಕೊಂಡು ತೀರ್ಥಹಳ್ಳಿಯ ಕಡೆಗೆ ಹೊರಟೆವು. ದಾರಿಯಲ್ಲಿ ಚಹಾಕ್ಕೆ ನಿಂತಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಕಡಲೆಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಆದರೆ ಅದೇ ಬಾಣಲೆಯಲ್ಲಿ ಸ್ವಲ್ಪ ಮೊದಲು ಮೈದಾದ ಬೋಂಡ ಮುಳುಗೆದ್ದಿತ್ತು. ಮಳೆಗಾಲದಲ್ಲಿ ಆ ವಾಸನೆಯನ್ನು ದಾಟಿ ಬರುವುದು ಸಣ್ಣ ವ್ರತವಲ್ಲ.

ತೀರ್ಥಹಳ್ಳಿಯನ್ನು ಮುಟ್ಟುವಷ್ಟರಲ್ಲಿ ನನ್ನ ಹೊಟ್ಟೆ ಉಬ್ಬರಿಸಿತ್ತು. ಪೇಟೆಯ ಒಳರಸ್ತೆಯಲ್ಲಿ ಐದೇ ಮೇಜುಗಳಿದ್ದ ಒಂದು ಊಟದ ಮೆಸ್ಸಿಗೆ ಹೋಗಿ, ಈ ಸಲ ಗ್ಲುಟೆನ್ ಎಂಬ ಶಬ್ದವನ್ನೂ ಗೋಧಿ ಎಂಬ ಶಬ್ದವನ್ನೂ ಬದಿಗಿಟ್ಟು, ಚಪಾತಿ, ಮೈದಾ, ರವೆ, ಶ್ಯಾವಿಗೆ, ಬ್ರೆಡ್ಡು, ಇವುಗಳಲ್ಲಿ ಯಾವುದೂ ನನಗೆ ಆಗುವುದಿಲ್ಲ, ಅವನ್ನು ಮುಟ್ಟಿದ ಸೌಟೂ ಕಾವಲಿಯೂ ಆಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಮೆಸ್ಸಿನ ಯಜಮಾನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡು, "ಇದೆಂತ ಕಾಯಿಲೆ ಮಾರಾಯ್ರೆ, ಮಡಿಗಿಂತ ಕಷ್ಟ ಅಲ್ದಾ" ಎಂದರು. ಹೋಲಿಕೆ ನನಗೆ ಬಹಳ ಹಿಡಿಸಿತು. ಮಡಿಯೆಂದು ತಿಳಿದುಕೊಂಡದ್ದರಿಂದಲೇ ಮುಂದಿನದೆಲ್ಲ ಅವರಿಗೆ ಸಲೀಸಾಯಿತು. ಕಾವಲಿಯನ್ನು ಉಜ್ಜಿ ತೊಳೆದು ಒಲೆಗೇರಿಸಿದರು; ಚಪಾತಿಯ ಮಣೆಯನ್ನು ಬಿಟ್ಟು, ಉಕ್ಕರಿಸಿದ ಅಕ್ಕಿಹಿಟ್ಟನ್ನು ಬಾಳೆಲೆಯ ಮೇಲೆ ತಟ್ಟಿ ರೊಟ್ಟಿ ಮಾಡಿಕೊಟ್ಟರು. ಜೊತೆಗೆ ಕಾಯಿ ಚಟ್ನಿಯಿತ್ತು. ಅದರಲ್ಲಿ ಶೇಂಗಾ ಇರಲಿಲ್ಲವಾದ್ದರಿಂದ ಮಗ ಎರಡು ಸಲ ಹಾಕಿಸಿಕೊಂಡ.

ಸಾರು ಬಡಿಸಲು ಬಂದಾಗ ಇಂಗು ಹಾಕಿದ್ದೀರಾ ಎಂದು ಕೇಳಿದೆ. ಇಂಗಿನಲ್ಲಿ ಎಂತ ಗೋಧಿ ಎಂದು ಅವರಿಗೆ ನಗು. ಕಾಲೇಜಿನಿಂದ ಆಗತಾನೇ ಬಂದಿದ್ದ ಅವರ ಮಗಳು ಒಳಗಿನಿಂದ ಡಬ್ಬಿಯನ್ನು ತಂದು, ಅಂಗೈ ಮೇಲೆ ತಿರುಗಿಸುತ್ತ, ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದಳು: ಗೋಧಿಹಿಟ್ಟು, ಗೋಂದು, ಕೊನೆಯಲ್ಲಿ ಇಂಗು. ಶುದ್ಧ ಇಂಗು ಬಲು ತೀಕ್ಷ್ಣವಾದ ಅಂಟು. ಚಿಟಿಕೆಯಲ್ಲಿ ಬಳಸಲು ಬರುವಂತೆ ಅದನ್ನು ಹಿಟ್ಟಿನೊಡನೆ ಬೆರೆಸಿಯೇ ಸಾಮಾನ್ಯವಾಗಿ ಮಾರುತ್ತಾರೆ. ಗ್ಲುಟೆನ್‌ಮುಕ್ತವೆಂದು ಕರೆಯಬೇಕಾದರೆ ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ನಿಯಮ. ಆ ಲೆಕ್ಕದಲ್ಲಿ ಒಗ್ಗರಣೆಯ ಚಿಟಿಕೆಯೂ ಸಣ್ಣದಲ್ಲ. ಯಜಮಾನಿ ಡಬ್ಬಿಯನ್ನು ತಾವೂ ಒಮ್ಮೆ ತಿರುಗಿಸಿ ನೋಡಿ, "ಇಷ್ಟು ವರ್ಷ ಏಕಾದಶಿ ಫಲಾಹಾರಕ್ಕೂ ಇದನ್ನೇ ಹಾಕಿದ್ದೇನಲ್ಲ" ಎಂದು ಮಗಳ ಮುಖ ನೋಡಿದರು. ನನ್ನ ಕಾಯಿಲೆಗಿಂತ ಆ ಚಿಂತೆಯೇ ಅವರಿಗೆ ದೊಡ್ಡದಾದಂತೆ ಕಂಡಿತು. ನನಗೆ ಸಾರಿನ ಬದಲು ಜೀರಿಗೆ ಒಗ್ಗರಣೆಯ ತಂಬುಳಿ ಬಂತು.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ನಮ್ಮ ಪಾಲಿನದು ಅಂದು ಸಂಜೆಯೇ ಬಂದಂತಿತ್ತು. ಸೂರ್ಯಾಸ್ತ ನೋಡುವ ಕಟ್ಟೆಯಿಂದ ಬಿಳಿ ಮಂಜಿನ ಹೊರತು ಏನೂ ಕಾಣಲಿಲ್ಲ. ರಾತ್ರಿ ಉಳಿದುಕೊಂಡ ಮನೆಯಲ್ಲಿ ಪತ್ರೊಡೆ ಮಾಡಿದ್ದರು. ಕೆಸುವಿನ ಎಲೆ, ನೆನೆಸಿದ ಅಕ್ಕಿ, ಹುಣಸೆಹುಳಿ, ಬೆಲ್ಲ, ಮೆಣಸು, ಕೊತ್ತಂಬರಿ ಎಂದು ಮನೆಯಾಕೆ ಬೆರಳು ಮಡಿಚುತ್ತ ಹೇಳಿ ಮುಗಿಸಿದಾಗ, ನಾನು ಬಾಯಿ ತೆರೆಯುವ ಮೊದಲೇ ಮಗ ಕೇಳಿದ: "ಆಂಟಿ, ಇಂಗು ಹಾಕಿದೀರಾ?" ಒಳಗಿನಿಂದ ಮತ್ತೊಂದು ಡಬ್ಬಿ ಬಂತು. ಅದರ ಹಿಟ್ಟು ಅಕ್ಕಿಯದಾಗಿತ್ತು. ನಾನು ನಾಲ್ಕು ಹೋಳು ತಿಂದೆ.