ಬುತ್ತಿ ಕಟ್ಟಿಕೊಂಡು ಹೋಗಿ: ನಾರ್ವೆಯ ಶಾಲೆಯಲ್ಲಿ ಹತ್ತು ತಿಂಗಳು

ವಿನಿಮಯ ವಿದ್ಯಾರ್ಥಿಯಾಗಿ ನಾನು ಹತ್ತು ತಿಂಗಳು ಓದಿದ್ದು ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ, ನಮ್ಮ ಪಿಯುಸಿಗೆ ಸಮೀಪವೆನ್ನಬಹುದಾದ ತರಗತಿಯಲ್ಲಿ. ನನ್ನನ್ನು ಕಳುಹಿಸಿದ ಸಂಸ್ಥೆಯ ಕೈಪಿಡಿಯಲ್ಲಿ ‘ಮಧ್ಯಾಹ್ನದ ಊಟ ಶಾಲೆಯಲ್ಲಿ’ ಎಂದಿತ್ತು. ಅದನ್ನು ಸುಳ್ಳೆನ್ನಲಾಗದು, ಊಟ ಮಾಡುವುದು ಶಾಲೆಯಲ್ಲೇ, ಆದರೆ ಬುತ್ತಿಯನ್ನು ಮನೆಯಿಂದ ಒಯ್ಯಬೇಕು. ಬಿಸಿಯೂಟದ ಕಲ್ಪನೆಯಲ್ಲಿ ಬರಿಗೈಯಲ್ಲಿ ಹೋದ ನಾನು ಮೊದಲ ದಿನ ನೀರು ಕುಡಿದು ಕಳೆದೆ.

ಈ ಬುತ್ತಿಗೆ ‘ಮಾತ್‌ಪಕ್ಕೆ’ ಎನ್ನುತ್ತಾರೆ: ಬ್ರೆಡ್ಡಿನ ಹೋಳುಗಳು, ಮೇಲೊಂದು ತೆಳುವಾದ ಲೇಪ, ಒಂದಕ್ಕೊಂದು ಅಂಟದಂತೆ ನಡುವೆ ಕಾಗದ. ಸಸ್ಯಾಹಾರಿಗೆ ಆಸರೆಯಾಗುವುದು ‘ಬ್ರೂನ್‌ಓಸ್ತ್’ ಎಂಬ ಕಂದು ಚೀಸ್. ಹಾಲೊಡಕನ್ನು ಕುದಿಸಿ ಇಂಗಿಸಿ ಮಾಡುವ ಇದು, ಧಾರವಾಡ ಪೇಡೆಗೆ ಯಾರೋ ಉಪ್ಪು ಬೆರೆಸಿದಂತಿರುತ್ತದೆ. ಮೂರನೆಯ ವಾರದಿಂದ ನನಗೆ ಹಿಡಿಸಿತು. ಅದಕ್ಕೂ ಮೊದಲು ಕಾಪಾಡಿದ್ದು ಅಮ್ಮನ ಚಟ್ನಿಪುಡಿ. ಇನ್ನೊಂದು ಎಚ್ಚರಿಕೆ: ದಿನದ ಬಿಸಿ ಊಟ ‘ಮಿದ್ದಾಗ್’ ನಾನಿದ್ದ ಮನೆಯಲ್ಲಿ ಸಂಜೆ ನಾಲ್ಕೂವರೆಗೇ ಮುಗಿಯುತ್ತಿತ್ತು. ಊರು ಸುತ್ತಿ ಏಳಕ್ಕೆ ಬಂದವರಿಗೆ ಮತ್ತೆ ಬ್ರೆಡ್ಡೇ.

ಬಸ್ಸನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಹತ್ತಿದ ಮೇಲೆ ಟಿಕೆಟ್ ಕೊಳ್ಳುವ ನಮ್ಮ ಅಭ್ಯಾಸದಲ್ಲಿ, ಸೀಟಿನಲ್ಲಿ ಕುಳಿತು ಫೋನು ತೆರೆಯುವಷ್ಟರಲ್ಲಿ ತಪಾಸಕರು ಬಂದರು. ಒಂದು ತಿಂಗಳ ಕೈಖರ್ಚು ದಂಡಕ್ಕೆ ಹೋಯಿತು. ಟಿಕೆಟ್ಟನ್ನು ನಿಲ್ದಾಣದಲ್ಲೇ ಕೊಂಡಿರಿ. ಅದೇ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಇರುವುದನ್ನು ಕಂಡು, ನನ್ನ ಬಟ್ಟೆಯಿಂದ ಒಗ್ಗರಣೆಯ ವಾಸನೆ ಬರುತ್ತಿದೆಯೇ ಎಂದು ಎಷ್ಟೋ ದಿನ ಅನುಮಾನಿಸಿದ್ದೆ. ಅವರು ತಮ್ಮವರ ಪಕ್ಕದಲ್ಲೂ ಹಾಗೆಯೇ ಕೂರುವುದಿಲ್ಲವೆಂಬುದು ನಿಧಾನವಾಗಿ ತಿಳಿಯಿತು. ಭಾಷೆಯದೂ ಒಂದು ಪೆಟ್ಟು: ‘ನಾನು’ ಎನ್ನಲು ‘ಯೈ’ ಎಂದು ಪುಸ್ತಕದಲ್ಲಿ ಕಲಿತು ಹೋದರೆ, ಟ್ರೋಂಡ್‌ಹೈಮ್‌ನವರು ‘ಆ್ಯ’ ಎನ್ನುತ್ತಾರೆ.

ಡಿಸೆಂಬರಿನ ನಾಲ್ಕೂವರೆ ಗಂಟೆಯ ಹಗಲಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ; ನನಗೆ ನಿದ್ದೆ ಚೆನ್ನಾಗಿ ಬಂತು.

ನಾನು ಮನಸಾರೆ ಹೊಗಳುವುದು ಆಟದ ಮೈದಾನದ ಬದಿಯ ವಾಫೆಲ್ ಅಂಗಡಿಯನ್ನು. ಆಡುವ ಮಕ್ಕಳ ಅಪ್ಪ-ಅಮ್ಮಂದಿರೇ ಸರದಿಯಲ್ಲಿ ನಿಂತು ಬೇಯಿಸುತ್ತಾರೆ. ಹೀಗೆ ಸಂಬಳವಿಲ್ಲದೆ ಕೂಡಿ ದುಡಿಯುವುದಕ್ಕೆ ‘ದುಗ್ನಾದ್’ ಎಂದು ಹೆಸರು. ಕಾವಲಿಯಿಂದ ಏಳುವ ಹೃದಯಾಕಾರದ ಐದು ಎಸಳುಗಳ ಮೆದು ವಾಫೆಲ್, ಮೇಲೆ ಜಾಮ್ ಹಾಗೂ ಹುಳಿಕೆನೆ, ಅಥವಾ ಕರಗತೊಡಗಿದ ಕಂದು ಚೀಸ್. ಹೋಟೆಲಿನ ಒಂದು ಕಾಫಿಗಿಂತ ಕಡಿಮೆ ಬೆಲೆಗೆ ಹೊಟ್ಟೆ ತುಂಬುತ್ತದೆ. ಹಿಟ್ಟಿನಲ್ಲಿ ಮೊಟ್ಟೆಯಿರುತ್ತದೆ, ತಿನ್ನದವರು ಗಮನಿಸಬೇಕು. ಹಣ ಪಡೆಯುವುದು ಬಹುಪಾಲು ‘ವಿಪ್ಸ್’ ಎಂಬ ಫೋನ್ ಪಾವತಿಯಲ್ಲಿ; ಅಲ್ಲಿನ ಗುರುತಿನ ಸಂಖ್ಯೆ, ಬ್ಯಾಂಕ್ ಖಾತೆ ಆಗುವವರೆಗೆ ಸಹಪಾಠಿಯ ಸಾಲವೇ ಗತಿ. ನನ್ನ ಸಾಲ ಬೆಳೆದಾಗ ಒಬ್ಬ ತಾಯಿ ಸೌಟನ್ನು ನನ್ನ ಕೈಗಿತ್ತರು. ಆರು ತಿಂಗಳು ಬಸ್ಸಿನಲ್ಲಿ ನನ್ನತ್ತ ನೋಡದಿದ್ದ ಹುಡುಗನೊಬ್ಬ ಅಂದು ಸಾಲಿನಲ್ಲಿ ನಿಂತು, ಭಾರತದಲ್ಲಿ ಇದರ ಜೊತೆ ಏನು ತಿನ್ನುತ್ತೀರಿ ಎಂದು ಕೇಳಿದ. ಮರುವಾರ ಚಟ್ನಿಪುಡಿಯ ಡಬ್ಬಿ ಒಯ್ದೆ.