ಹೆಗಲು ಮುಟ್ಟಿ ನೋಡಿಕೊಂಡ ದಿನ

ಚುನಾವಣಾ ಕೆಲಸವೆಂದರೆ ನಮ್ಮಂಥ ಉಪನ್ಯಾಸಕರಿಗೆ ಸಾಮಾನ್ಯವಾಗಿ ಮತಗಟ್ಟೆಯೇ ಗತಿ. ಮತಯಂತ್ರದ ಪೆಟ್ಟಿಗೆ ಹಿಡಿದು ಗುರುತು ಪರಿಚಯವಿಲ್ಲದ ಊರಿನ ಶಾಲೆಗೆ ಹೋಗಿ, ಒಂದು ರಾತ್ರಿಯನ್ನು ಸೊಳ್ಳೆಗಳ ಸಂಗಡ ಕಳೆದು ಬರುವುದು. 2023ರ ವಿಧಾನಸಭೆ ಚುನಾವಣೆಯಲ್ಲಿ ಮಾತ್ರ ನನ್ನ ಪಾಲಿಗೆ ಬೇರೆ ಕೆಲಸ ಬಂತು. ಚುನಾವಣಾಧಿಕಾರಿಯ ಕಚೇರಿಯಲ್ಲಿ ಕುಳಿತು, ಅಭ್ಯರ್ಥಿಗಳು ನಾಮಪತ್ರದ ಜೊತೆ ತರುವ ಪ್ರಮಾಣಪತ್ರದಲ್ಲಿ ಯಾವ ಅಂಕಣವೂ ಖಾಲಿ ಉಳಿದಿಲ್ಲ ಎಂದು ನೋಡುವುದು. ನೋಡುವುದಷ್ಟೇ. ಬರೆದದ್ದು ನಿಜವೋ ಸುಳ್ಳೋ ಎಂದು ಕೇಳುವ ಅಧಿಕಾರ ನನಗಿರಲಿ, ಚುನಾವಣಾಧಿಕಾರಿಗೂ ಇಲ್ಲ.

ರಾಜ್ಯಶಾಸ್ತ್ರ ಪಾಠ ಮಾಡುವವಳಾದ ನನಗೆ ಆ ಪ್ರಮಾಣಪತ್ರದ ಕಥೆ ಬಾಯಿಪಾಠವಾಗಿತ್ತು. ಮತದಾರನಿಗೆ ಅಭ್ಯರ್ಥಿಯ ಹಿನ್ನೆಲೆ ತಿಳಿಯುವ ಹಕ್ಕಿದೆ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಸತ್ತು ಅವಸರವಸರವಾಗಿ ಕಾನೂನು ತಂದು ಅದನ್ನು ಮೊಟಕುಗೊಳಿಸಿತು, 2003ರಲ್ಲಿ ನ್ಯಾಯಾಲಯ ಆ ಕಲಮನ್ನೇ ತೆಗೆದುಹಾಕಿತು. ಅಂಕಣ ಖಾಲಿ ಬಿಟ್ಟರೆ ನಾಮಪತ್ರ ತಿರಸ್ಕರಿಸಬಹುದು ಎಂಬ ತೀರ್ಪು 2013ರದು. ಇಷ್ಟನ್ನು ಹತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ನಮೂನೆ 26 ಎಂಬ ಆ ಕಾಗದವನ್ನು ಮಾತ್ರ ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ.

ಏಪ್ರಿಲ್ 20, ನಾಮಪತ್ರ ಸಲ್ಲಿಸಲು ಕೊನೆಯ ದಿನ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಸಮಯ. ಹೊರಗೆ ತಮಟೆ, ಜೈಕಾರ. ಒಳಗೆ ಅಭ್ಯರ್ಥಿಯೂ ಸೇರಿ ಐವರಿಗಷ್ಟೇ ಪ್ರವೇಶ. ನನ್ನ ಪಕ್ಕದ ಕುರ್ಚಿಯಲ್ಲಿ ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದ ಶಿರಸ್ತೇದಾರರು. ಅವರು ಕಂಡ ಚುನಾವಣೆಗಳಿಗೆ ಲೆಕ್ಕವಿಲ್ಲ. ಮೊದಲ ಗಂಟೆಯಲ್ಲೇ ನನಗೆ ಕೆಲಸದ ಗುಟ್ಟು ಹೇಳಿಕೊಟ್ಟರು. "ಮೇಡಂ, 'ಇಲ್ಲ' ಎಂದು ಬರೆದಿದ್ದರೆ ಸರಿ, 'ಅನ್ವಯಿಸುವುದಿಲ್ಲ' ಎಂದಿದ್ದರೂ ಸರಿ, 'ತಿಳಿದಿಲ್ಲ' ಎಂದಿದ್ದರೂ ಸರಿ. ಬರೀ ಗೆರೆ ಎಳೆದಿದ್ದರೆ ಮಾತ್ರ ನನಗೆ ಹೇಳಿ."

ಎರಡು ಗಂಟೆಯ ಹೊತ್ತಿಗೆ ಒಬ್ಬ ಅಭ್ಯರ್ಥಿ ಬಂದರು. ಯಾರು, ಯಾವ ಪಕ್ಷ ಎಂಬುದು ಇಲ್ಲಿ ಬೇಡ. ಮಾತು ಮೃದು, ಎಲ್ಲರಿಗೂ ಕೈ ಮುಗಿದರು. ಅವರ ಲೆಕ್ಕಪತ್ರ ನೋಡಿಕೊಳ್ಳುವವರು ಜೊತೆಗಿದ್ದು, ಪುಟ ತಿರುಗಿಸಿ ಬೆರಳಿಟ್ಟಲ್ಲೆಲ್ಲ ಇವರು ಸಹಿ ಮಾಡಿದರು. ಕಾಗದಗಳು ನನ್ನ ಮುಂದೆ ಬಂದವು.

ಆರಂಭದಲ್ಲೇ ಒಂದು ಕೋಷ್ಟಕವಿದೆ. ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಿದ ಒಟ್ಟು ಆದಾಯ, ಕಳೆದ ಐದು ವರ್ಷಗಳದ್ದು, ಅಭ್ಯರ್ಥಿಯದ್ದು, ಪತಿ ಅಥವಾ ಪತ್ನಿಯದ್ದು, ಅವಲಂಬಿತರದ್ದು. 2019ರ ತಿದ್ದುಪಡಿಯಲ್ಲಿ ಐದು ವರ್ಷದ ಲೆಕ್ಕ ಕೇಳಲು ಶುರುಮಾಡಿದರು. ಇವರ ಕೊನೆಯ ಮೂರು ವರ್ಷದ ಅಂಕಿಗಳು ಮೂರು ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗಿದ್ದವು. ನಾಲ್ಕು ಲಕ್ಷದ ಎಪ್ಪತ್ತು ಸಾವಿರ ಚಿಲ್ಲರೆ, ಎಂಬತ್ತು ಸಾವಿರ ಚಿಲ್ಲರೆ, ಎಂಬತ್ತಾರು ಸಾವಿರ ಚಿಲ್ಲರೆ. ಒಂದೂ ಐದು ಲಕ್ಷ ಮುಟ್ಟಿರಲಿಲ್ಲ. ಆ ವರ್ಷಗಳಲ್ಲಿ ಐದು ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತಿದ್ದದ್ದು ಸಂಬಳದಾರರೆಲ್ಲರಿಗೂ ಗೊತ್ತು. ನನ್ನ ಸಂಬಳ ಆಗ ವರ್ಷಕ್ಕೆ ಎಂಟು ಲಕ್ಷದ ಆಸುಪಾಸು. ಎಂದರೆ ಕಾಗದದ ಪ್ರಕಾರ ನಾನು ಅವರಿಗಿಂತ ಸುಮಾರು ಮೂರನೇ ಎರಡು ಪಾಲು ಹೆಚ್ಚು ಸಿರಿವಂತೆ!

ಪುಟ ತಿರುಗಿಸಿದೆ. ಸ್ಥಿರಾಸ್ತಿ, ಚರಾಸ್ತಿ. ಅಲ್ಲಿ ಲಕ್ಷಗಳು ಮುಗಿದು ಕೋಟಿಗಳು ಶುರುವಾಗಿದ್ದವು. ಒಂದು ವಾಹನದ ಬೆಲೆಯೇ ಅವರ ಐದು ವರ್ಷದ ಒಟ್ಟು ಆದಾಯವನ್ನು ಮೀರಿತ್ತು. 'ಆದಾಯದ ಮೂಲ' ಎಂಬಲ್ಲಿ 'ಕೃಷಿ ಮತ್ತು ಸಮಾಜಸೇವೆ' ಎಂದು ಬರೆದಿದ್ದರು. ಸಮಾಜಸೇವೆ ಆದಾಯದ ಮೂಲವಾಗುವುದು ಹೇಗೆ ಎಂದು ಶಿರಸ್ತೇದಾರರ ಕಡೆ ಕಾಗದ ಸರಿಸಿ ಕಣ್ಣಲ್ಲೇ ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿ, ತುಟಿ ಅಲುಗದಂತೆ ಹೇಳಿದರು: "ಅಂಕಣ ತುಂಬಿದೆಯಲ್ಲ, ಬಿಡಿ. ಎರಡಕ್ಕೂ ತೆರಿಗೆ ಇಲ್ಲ."

ಕಾಗದ ಪೂರ್ತಿ ಇತ್ತು. ಗುರುತು ಹಾಕಿ ಮುಂದಕ್ಕೆ ಕೊಟ್ಟೆ. ಅವರು ಮತ್ತೊಮ್ಮೆ ಕೈ ಮುಗಿದು ಹೋದರು.

ಮೂರು ಗಂಟೆ ಕಳೆದು ಬಾಗಿಲು ಹಾಕಿದ ಮೇಲೂ ಆ ಅಂಕಿಗಳು ನನ್ನ ತಲೆಯಿಂದ ಇಳಿಯಲಿಲ್ಲ. ಸಿಟ್ಟು ಬಂದಿತ್ತು, ಆದರೆ ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಅಭ್ಯರ್ಥಿ ಕೈಗೆ ಸಿಗುತ್ತಿರಲಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 10ನೇ ಕಲಮಿನ ಮೊದಲ ಸಾಲೇ ಅದು. ಮಳೆ ನಂಬಿ ರಾಗಿ ಬಿತ್ತುವವನಿಗಾಗಿ ಇರುವ ಕೊಡೆ ಅದು ಎಂದು ನಾವು ಭಾವಿಸುತ್ತೇವೆ. ನೂರು ಎಕರೆಯವನೂ ಅದೇ ಕೊಡೆಯಡಿ ನಿಲ್ಲುತ್ತಾನೆ. ದೊಡ್ಡ ಹಿಡುವಳಿಗಳಿಗಾದರೂ ತೆರಿಗೆ ಹಾಕಿ ಎಂದು ಕೆ.ಎನ್. ರಾಜ್ ನೇತೃತ್ವದ ಸಮಿತಿ 1972ರಲ್ಲೇ ವರದಿ ಕೊಟ್ಟಿತ್ತು. ಅದನ್ನು ಜಾರಿಗೆ ತರುವ ಧೈರ್ಯ ಯಾರಿಗೂ ಬರಲಿಲ್ಲ. ಇನ್ನು ಜಮೀನಿನ ಬೆಲೆ ಹತ್ತು ಪಟ್ಟು ಏರಿದರೂ ಮಾರುವವರೆಗೆ ಅದು ಆದಾಯವಲ್ಲ. ಹೀಗೆ ಕೋಟಿಗಳ ಆಸ್ತಿಯೂ ನಾಲ್ಕು ಲಕ್ಷದ ಆದಾಯವೂ ಒಂದೇ ಕಾಗದದಲ್ಲಿ ಜಗಳವಿಲ್ಲದೆ ಇರಬಲ್ಲವು. ಅವರು ಒಂದು ಸುಳ್ಳನ್ನೂ ಬರೆದಿಲ್ಲದಿರಬಹುದು.

ಹಾಗಾದರೆ ಅವರು ಕಟ್ಟಿದ ತೆರಿಗೆ ಎಷ್ಟು? ಇದನ್ನು ಹುಡುಕಲು ನಮೂನೆಯನ್ನು ಮೊದಲಿನಿಂದ ಮತ್ತೆ ಓದಿದೆ. ಬೇರೆ ಆದಾಯವೂ ಇದ್ದರೆ, ದರ ನಿಗದಿ ಮಾಡುವಾಗ ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುವ ನಿಯಮವಿದೆ. ಹಾಗಾಗಿ ಅವರು ಒಂದಿಷ್ಟು ಕಟ್ಟಿಯೂ ಇರಬಹುದು, ಕಟ್ಟದೆಯೂ ಇರಬಹುದು. ನಮೂನೆ 26 ಆದಾಯ ಎಷ್ಟು ತೋರಿಸಿದೆ ಎಂದು ಕೇಳುತ್ತದೆ. ಒಡವೆಯ ತೂಕ ಕೇಳುತ್ತದೆ. ಸರ್ಕಾರಕ್ಕೆ ತೆರಿಗೆ ಬಾಕಿ ಇದೆಯೇ ಎಂದು ಕೇಳುತ್ತದೆ. ಸರ್ಕಾರಿ ಮನೆಯಲ್ಲಿ ವಾಸವಿದ್ದರೆ ಹತ್ತು ವರ್ಷದ ನೀರು, ವಿದ್ಯುತ್, ದೂರವಾಣಿ ಬಿಲ್ಲಿನ ಬಾಕಿಯನ್ನೂ ಬಿಡುವುದಿಲ್ಲ. ತೆರಿಗೆ ಎಂದು ಕಟ್ಟಿದ್ದು ಎಷ್ಟು ಎಂದು ಮಾತ್ರ ಎಲ್ಲಿಯೂ ಕೇಳುವುದಿಲ್ಲ. ಹತ್ತು ವರ್ಷ ಪಾಠ ಮಾಡಿದ ನನಗೆ ಇದು ಆ ದಿನವೇ ಹೊಳೆದದ್ದು.

ಪ್ರತಿಗಳನ್ನು ಜೋಡಿಸುತ್ತಿದ್ದ ಯುವಕ ಗ್ರಾಮ ಲೆಕ್ಕಾಧಿಕಾರಿಗೆ ಇದನ್ನು ಹೇಳಿದೆ. ಅವನಿಗೆ ರೋಷವೇ ಬಂತು. "ಮತಯಂತ್ರದಲ್ಲಿ ಚಿಹ್ನೆಯ ಪಕ್ಕ ಅವರು ಕಟ್ಟಿದ ತೆರಿಗೆಯನ್ನೇ ಅಚ್ಚು ಹಾಕಬೇಕು ಮೇಡಂ. ಜನ ನೋಡಿ ಒತ್ತಲಿ."

"ಆಗ ಲೆಕ್ಕಪರಿಶೋಧಕರಿಗೆ ಹೊಸ ಕೆಲಸ ಸಿಗುತ್ತದೆ," ಎಂದರು ಶಿರಸ್ತೇದಾರರು. "ಗೆಲ್ಲಲು ಎಷ್ಟು ತೆರಿಗೆ ತೋರಿಸಬೇಕು ಎಂದು ಲೆಕ್ಕ ಹಾಕಿ ಕೊಡುತ್ತಾರೆ. ಹೆಚ್ಚು ಕಟ್ಟಿದವನೇ ಹೆಚ್ಚು ಯೋಗ್ಯ ಎಂದಾದರೆ, ಏನೂ ಇಲ್ಲದ ಬಡವ ನಿಲ್ಲುವುದೇ ಬೇಡವೇ?"

ಆ ಮಾತಿನಲ್ಲಿ ಹುರುಳಿತ್ತು. ಬೆಳಿಗ್ಗೆ ಬಂದಿದ್ದ ಪಕ್ಷೇತರ ಅಭ್ಯರ್ಥಿ ಹತ್ತು ಸಾವಿರ ರೂಪಾಯಿ ಠೇವಣಿಯನ್ನು ನೂರು, ಇನ್ನೂರರ ನೋಟುಗಳಲ್ಲಿ ಎಣಿಸಿ ಕೊಟ್ಟಿದ್ದ. ಅವನ ಆದಾಯದ ಕೋಷ್ಟಕದ ಉದ್ದಕ್ಕೂ 'ಇಲ್ಲ', 'ಇಲ್ಲ', 'ಇಲ್ಲ'. ಅದು ಬಹುಶಃ ಅಂದು ನಾನು ಓದಿದ ಅತ್ಯಂತ ನಿಜವಾದ ಪ್ರಮಾಣಪತ್ರ.

ಮೇಷ್ಟ್ರಿಕೆಯ ಚಪಲ, ನಾನು ಸುಮ್ಮನಿರಲಿಲ್ಲ. ಉತ್ತರ ಪ್ರದೇಶದಲ್ಲಿ 1981ರ ಕಾನೂನೊಂದರ ಬಲದಿಂದ ಮುಖ್ಯಮಂತ್ರಿ ಮತ್ತು ಮಂತ್ರಿಗಳ ಆದಾಯ ತೆರಿಗೆಯನ್ನು ಬೊಕ್ಕಸವೇ ಕಟ್ಟುತ್ತಿತ್ತು, 2019ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲಷ್ಟೇ ನಿಂತಿತು ಎಂದೆ. ಯುವಕ ನಂಬಲಿಲ್ಲ, ಮೊಬೈಲಿನಲ್ಲಿ ಹುಡುಕಿ ನೋಡಿ ನಂಬಿದ. (ಮಧ್ಯಪ್ರದೇಶದಲ್ಲಿ ಅಂಥದೇ ಪದ್ಧತಿ ಆಗಲೂ ನಡೆದಿತ್ತು, 1972ರಿಂದ ಇದ್ದ ಅದನ್ನು ಅಲ್ಲಿನ ಸಂಪುಟ ಕೈಬಿಟ್ಟದ್ದು 2024ರಲ್ಲಿ.) ಆಮೇಲೆ ಅಮೆರಿಕದ ನಿಕ್ಸನ್ ಕಥೆ ತೆಗೆದೆ. 1970ರಲ್ಲಿ ಎರಡು ಲಕ್ಷ ಡಾಲರ್‌ಗೂ ಹೆಚ್ಚು ಆದಾಯವಿದ್ದ ಅಧ್ಯಕ್ಷ ಕಟ್ಟಿದ ಆದಾಯ ತೆರಿಗೆ 792 ಡಾಲರ್ 81 ಸೆಂಟ್. ತನ್ನ ಹಳೆಯ ಕಾಗದಪತ್ರಗಳನ್ನು ರಾಷ್ಟ್ರೀಯ ಸಂಗ್ರಹಕ್ಕೆ ದಾನ ಕೊಟ್ಟೆನೆಂದು ವಿನಾಯಿತಿ ಪಡೆದಿದ್ದ. ಅಂಥ ವಿನಾಯಿತಿ ಕಾನೂನಿನಲ್ಲಿ ರದ್ದಾಗುವ ದಿನಕ್ಕೆ ಮೊದಲೇ ಕೊಟ್ಟಂತೆ ಕಾಣಲು ದಾನಪತ್ರಕ್ಕೆ ಹಿಂದಿನ ತಾರೀಖು ಹಾಕಿದ್ದರು. ಸಂಗತಿ 1973ರಲ್ಲಿ ಹೊರಬಿತ್ತು, ಕೊನೆಗೆ ನಾಲ್ಕು ಲಕ್ಷ ಡಾಲರ್‌ಗೂ ಹೆಚ್ಚು ಬಾಕಿ ಇದೆ ಎಂದು ತೀರ್ಮಾನವಾಯಿತು. "ಅಲ್ಲಿಂದ ಮುಂದೆ ಅಲ್ಲಿನ ಅಧ್ಯಕ್ಷರು ತೆರಿಗೆ ವಿವರಪಟ್ಟಿಯನ್ನು ತಾವಾಗಿಯೇ ಬಹಿರಂಗಪಡಿಸುವ ರೂಢಿ ಬೆಳೆಯಿತು. ಟ್ರಂಪ್ ಅದನ್ನು ಮುರಿದರು ಎನ್ನಿ. ಆದರೂ ಬರೀ ಆದಾಯದ ಒಂದು ಅಂಕಿಯಲ್ಲ, ಇಡೀ ವಿವರಪಟ್ಟಿ!" ಎಂದು ಭಾಷಣ ಮುಗಿಸಿದೆ.

ಶಿರಸ್ತೇದಾರರು ದಾರದ ಉಂಡೆ ಕೆಳಗಿಟ್ಟು ಕೇಳಿದರು. "ಎಲ್ಲ ಸರಿ ಮೇಡಂ. ನಿಮ್ಮ ಸಂಬಳ, ತೆರಿಗೆಯ ಲೆಕ್ಕವಿರುವ ಫಾರಂ 16 ಕೊಡಿ, ಈ ಪ್ರಮಾಣಪತ್ರದ ಪಕ್ಕದಲ್ಲೇ ಸೂಚನಾ ಫಲಕಕ್ಕೆ ಅಂಟಿಸೋಣ. ಆಗಬಹುದೇ?"

ಅವರು ತಮಾಷೆಗೆ ಕೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಗಾದೆ ಕೇಳಿದ್ದೆ, ಆ ಹೊತ್ತಿಗೆ ನನ್ನ ಕೈ ಎಲ್ಲಿತ್ತೋ ಗೊತ್ತಿಲ್ಲ. "ನಾನೇನು ಚುನಾವಣೆಗೆ ನಿಂತಿದ್ದೇನೆಯೇ ಸರ್?" ಎಂದು ನಕ್ಕೆ. ಉತ್ತರ ಸರಿಯಾದದ್ದೇ. ಆದಾಯ ತೆರಿಗೆ ವಿವರಪಟ್ಟಿ ವೈಯಕ್ತಿಕ ಮಾಹಿತಿ ಎಂದು 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ನನಗೆ ನೆನಪಾದದ್ದು ಕೋರ್ಟಲ್ಲ, ಬಾಡಿಗೆ ರಸೀದಿ.

ನಾವಿರುವುದು ಅತ್ತೆಯ ಹೆಸರಿನ ಮನೆಯಲ್ಲಿ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ವಾಣಿಜ್ಯ ವಿಭಾಗದ ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟ ಉಪಾಯ. ಅತ್ತೆಗೆ ಬಾಡಿಗೆ ಕೊಡುತ್ತಿದ್ದೇನೆಂದು ರಸೀದಿ ಇಟ್ಟರೆ ಮನೆ ಬಾಡಿಗೆ ಭತ್ಯೆಯಲ್ಲಿ ವಿನಾಯಿತಿ ಸಿಗುತ್ತದೆ. "ತಿಂಗಳಿಗೆ 8,300ಕ್ಕಿಂತ ಮೇಲೆ ಹೋಗಬೇಡಿ," ಎಂದಿದ್ದರು. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮನೆಯ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕು. 8,300ರಂತೆ 99,600ಕ್ಕೆ ನಿಲ್ಲುತ್ತದೆ. ಅಂದಿನಿಂದ ಪ್ರತಿ ಜನವರಿಯಲ್ಲಿ ಒಂದು ಭಾನುವಾರ ಅತ್ತೆ ಊಟದ ಮೇಜಿನ ಮುಂದೆ ಕುಳಿತು, ರೆವಿನ್ಯೂ ಸ್ಟಾಂಪಿನ ಮೇಲೆ, ಹನ್ನೆರಡು ತಿಂಗಳ ಹನ್ನೆರಡು ತಾರೀಖುಗಳ ಹನ್ನೆರಡು ರಸೀದಿಗಳಿಗೆ ಸಹಿ ಮಾಡುತ್ತಿದ್ದರು. ಫೆಬ್ರವರಿ, ಮಾರ್ಚ್ ತಿಂಗಳುಗಳದ್ದು ಮುಂಗಡ. ಒಮ್ಮೆ ಪೆನ್ನು ಬದಲಿಸೋಣ, ಎಲ್ಲವೂ ಒಂದೇ ಶಾಯಿಯಾದರೆ ಚೆನ್ನಾಗಿರುವುದಿಲ್ಲ ಎಂದು ನಾನೇ ಹೇಳಿದ್ದೆ. ಬಾಡಿಗೆ ಎಂದು ಒಂದು ರೂಪಾಯಿಯೂ ನನ್ನ ಕೈಯಿಂದ ಅವರ ಕೈಗೆ ಹೋಗಿರಲಿಲ್ಲ.

ಆ ಅಭ್ಯರ್ಥಿಯ ಅಂಕಿ ಐದು ಲಕ್ಷದ ಹೊಸ್ತಿಲಿನ ಕೆಳಗೆ, ನನ್ನದು ಒಂದು ಲಕ್ಷದ ಹೊಸ್ತಿಲಿನ ಕೆಳಗೆ. ನಿಕ್ಸನ್ನನ ದಾನಪತ್ರದ ಹಿಂದಿನ ತಾರೀಖನ್ನು ಐದು ನಿಮಿಷದ ಹಿಂದಷ್ಟೇ ಎಷ್ಟು ಹುರುಪಿನಿಂದ ಹೇಳಿದ್ದೆ! ಇನ್ನೂ ನಾಚಿಕೆಯ ಮಾತೆಂದರೆ ಮೊತ್ತ. ಸಂಬಳದ ಹತ್ತನೇ ಒಂದು ಭಾಗ ಕಳೆದು ಉಳಿದ ಬಾಡಿಗೆಗಷ್ಟೇ ವಿನಾಯಿತಿ ಎಂಬ ನಿಯಮದಿಂದಾಗಿ, ಸಂಬಳ ಏರಿದಂತೆಲ್ಲ ಲಾಭ ಕರಗುತ್ತ ಬಂದು, ಆ ವರ್ಷ ನನಗೆ ಉಳಿದದ್ದು ಐದು ಸಾವಿರವೂ ಇಲ್ಲ.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಅವರು ನಡೆದದ್ದು ಬಹುಶಃ ಕಾನೂನು ತೆರೆದಿಟ್ಟ ಬಾಗಿಲಿನಲ್ಲಿ. ಆ ಬಾಗಿಲನ್ನು ಮುಚ್ಚಬೇಕೇ ಎಂದು ಮತ ಹಾಕುವ ಸದನಕ್ಕೆ ಹೋಗಲು ಅವರೇ ಅರ್ಜಿ ಹಾಕಿದ್ದರು, ನನ್ನ ತಕರಾರಿನ ತಿರುಳು ಅದೇ. ನಾನು ಮಾಡಿದ್ದು ಸಣ್ಣದು, ಆದರೆ ಅಪ್ಪಟ ಸುಳ್ಳು. ನಾರ್ವೆಯಲ್ಲಿ ತೆರಿಗೆದಾರರ ಆದಾಯ ಮತ್ತು ತೆರಿಗೆಯ ಮೊತ್ತವನ್ನು ಅಲ್ಲಿನವರು ಯಾರು ಬೇಕಾದರೂ ನೋಡಬಹುದು. 2014ರಿಂದ, ನೋಡಿದವರು ಯಾರೆಂದು ಆ ವ್ಯಕ್ತಿಗೂ ತಿಳಿಯುತ್ತದೆ. ಇದನ್ನು ತರಗತಿಯಲ್ಲಿ ಮೆಚ್ಚುಗೆಯಿಂದ ಹೇಳುತ್ತಿದ್ದವಳು ನಾನು. ನಮ್ಮ ಬೀದಿಯಲ್ಲಿ ಅಂಥದ್ದು ಬಂದರೆ ಎಂದು ಒಮ್ಮೆ ಕಲ್ಪಿಸಿಕೊಂಡೆ. ಮೈ ಬೆವರಿತು.

ಸಂಜೆ ಪ್ರತಿಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದೆವು. ಒಂದಷ್ಟು ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಅವರಿಗೆ ಬೇಕಾಗಿದ್ದದ್ದು ಕಾರು ಮತ್ತು ಚಿನ್ನದ ಪುಟಗಳು. ಹೆಗಲ ಮೇಲೆ ಟವೆಲು ಹಾಕಿದ್ದ ಹಿರಿಯರೊಬ್ಬರು ಮಾತ್ರ ಕತ್ತು ಎತ್ತಿ, ಬೆರಳಿನಿಂದ ಸಾಲು ಹಿಡಿದು, ನಿಧಾನವಾಗಿ ಪೂರ್ತಿ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವರು ಕಂದಾಯ ಎಷ್ಟು ಕಟ್ಟಿದ್ದಾರೆ ಎಂದು ಎಲ್ಲಿ ಬರೆದಿದೆ ತಾಯಿ?"

"ಅದನ್ನು ಕೇಳುವುದಿಲ್ಲ ಯಜಮಾನರೇ," ಎಂದೆ.

"ಕೇಳುವುದಿಲ್ಲವೇ?" ಎಂದು ಅವರು ಇನ್ನೊಮ್ಮೆ ಮೊದಲ ಪುಟಕ್ಕೆ ಹೋದರು, ನಾನು ಸರಿಯಾಗಿ ಓದಿಲ್ಲವೇನೋ ಎಂಬಂತೆ.

ಮುಂದಿನ ಜನವರಿಯಲ್ಲಿ ನಾನು ರಸೀದಿ ಬರೆಸಲಿಲ್ಲ. ಇದನ್ನು ಜ್ಞಾನೋದಯ ಎಂದು ಹೇಳಿಕೊಳ್ಳುವ ಆಸೆ ಇದೆ, ಆದರೆ ಆ ವರ್ಷದಿಂದ ಹೊಸ ತೆರಿಗೆ ಪದ್ಧತಿಯ ದರಗಳು ಇಳಿದಿದ್ದವು. ಅದರಲ್ಲಿ ಬಾಡಿಗೆ ವಿನಾಯಿತಿ ಇಲ್ಲ; ಎರಡೂ ಲೆಕ್ಕ ಹಾಕಿ ನೋಡಿದರೆ ಹೊಸದರಲ್ಲೇ ನನಗೆ ಸಾವಿರ ಚಿಲ್ಲರೆ ರೂಪಾಯಿ ಉಳಿತಾಯವಾಗುತ್ತಿತ್ತು. ಉಳಿಯದೆ ಹೋಗಿದ್ದರೆ ಏನು ಮಾಡುತ್ತಿದ್ದೆನೋ, ಆಣೆ ಮಾಡಿ ಹೇಳಲಾರೆ.

ತಿಂಗಳ ಕೊನೆಯ ಭಾನುವಾರ ಊಟವಾದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಮೇಜಿನ ಮುಂದೆ ಕುಳಿತರು.

"ಏನಮ್ಮ, ಈ ವರ್ಷ ನನ್ನ ಸಹಿ ಬೇಡವೇ?"

"ಬೇಡ ಅತ್ತೆ. ಕಾನೂನು ಬದಲಾಯಿತು," ಎಂದೆ.