ಹೀಪ್ ದೊಡ್ಡದಾಯಿತು, ಬ್ಯಾಚ್ ನಿಂತಿತು

"ಎಲ್ಲವನ್ನೂ ಒಂದೇ ರನ್‌ಟೈಮ್‌ಗೆ ತನ್ನಿ" ಅಂತ ಮೇಲಿನಿಂದ ಅಪ್ಪಣೆ, ಅಂದರೆ ಎಲ್ಲ ಭಾಷೆಯ ಕೋಡೂ ಒಂದೇ ವಿಎಂ (ಕೋಡ್ ಓಡಿಸುವ ವರ್ಚುವಲ್ ಮೆಷಿನ್) ಮೇಲೆ ಓಡಬೇಕು. ಒಂದೇ ಮಾನಿಟರಿಂಗ್, ಒಂದೇ ಡಿಪ್ಲಾಯ್, ಸ್ಲೈಡ್‌ನಲ್ಲಿ ನೋಡೋಕೆ ಚೆಂದ. ಹಾಗಾಗಿ ನಮ್ಮ ಹಳೇ ಪೈಥಾನ್ 2.7 ರಿಪೋರ್ಟ್ ಸ್ಕ್ರಿಪ್ಟ್‌ಗಳನ್ನೆಲ್ಲ ಜೈಥಾನ್ (ಜಾವಾ ಮೇಲೆ ಓಡುವ ಪೈಥಾನ್) ಹಿಡಿದು ಜೆವಿಎಂ (ಜಾವಾದ ವಿಎಂ) ಒಳಗೆ ಕೂರಿಸಿದೆವು. ಟೆಸ್ಟ್ ಪಾಸ್. ಬ್ಯಾಚ್ ನಿಧಾನ ಅಂತ ಗೊಣಗಾಟ ಬಂತು, ನಾನು ಹೀಪ್ (ಪ್ರೋಗ್ರಾಂ ಬಳಸುವ ಮೆಮೊರಿ) ದುಪ್ಪಟ್ಟು ಮಾಡಿದೆ. ಜಿಸಿ (ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್) ಗ್ರಾಫ್ ತಣ್ಣಗಾಯಿತು.

ಅವತ್ತು ರಾತ್ರಿಯೇ ಬ್ಯಾಚ್ ಅರ್ಧಕ್ಕೆ ನಿಂತಿತು. ಲಾಗ್ ತುಂಬಾ 'ಟೂ ಮೆನಿ ಓಪನ್ ಫೈಲ್ಸ್'. ಕಾಲ್‌ನಲ್ಲಿ ಮ್ಯಾನೇಜರ್ "ಇಟಿಎ ಎಷ್ಟು?" ಅಂತ ಕೇಳುತ್ತಲೇ ಇದ್ದಾರೆ. ಯುಲಿಮಿಟ್ (ಒಮ್ಮೆಗೆ ಎಷ್ಟು ಫೈಲ್ ತೆರೆದಿರಬಹುದು ಅನ್ನೋ ಮಿತಿ) ಏರಿಸಿ ರೀಸ್ಟಾರ್ಟ್ ಮಾಡಿದೆ, ಇನ್ನಷ್ಟು ದೂರ ಹೋಗಿ ಮತ್ತೆ ಬಿತ್ತು. ನಾನೋ ಆ ತಣ್ಣಗಿನ ಗ್ರಾಫನ್ನೇ ತೋರಿಸಿ "ಜೆವಿಎಂ ಸರಿಯಾಗೇ ಇದೆ, ಡಿಸ್ಕ್ ಟೀಮ್ ನೋಡಲಿ" ಅಂತ ವಾದ ಮಾಡುತ್ತಿದ್ದೆ. ಕೊನೆಗೆ ಜೊತೆಯವರೊಬ್ಬರು ಎಲ್‌ಎಸ್‌ಓಎಫ್ (ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ಕಮಾಂಡ್) ಹಾಕಿದರು. ಅದೇ ಪುಟ್ಟ ಕಾನ್ಫಿಗ್ ಫೈಲ್‌ಗಳು, ಸಾಲುಸಾಲಾಗಿ ತೆರೆದೇ ಕೂತಿವೆ.

ಕೋಡ್‌ನಲ್ಲಿ ಎಲ್ಲೂ ಕ್ಲೋಸ್ ಇರಲಿಲ್ಲ. ಸಿಪೈಥಾನ್‌ನಲ್ಲಿ (ಅದೇ ಮಾಮೂಲಿ ಪೈಥಾನ್) ರಿಫರೆನ್ಸ್ ಕೌಂಟ್, ಅಂದರೆ ಫೈಲನ್ನು ಕೋಡ್ ಎಷ್ಟು ಕಡೆ ಹಿಡಿದಿದೆ ಅನ್ನೋ ಲೆಕ್ಕ, ಸೊನ್ನೆಯಾದ ಕೂಡಲೇ ಫೈಲ್ ಮುಚ್ಚುತ್ತದೆ, ಅದಕ್ಕೇ ವರ್ಷಾನುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಜೆವಿಎಂನಲ್ಲಿ ಜಿಸಿ ಓಡಿದರೆ ಮಾತ್ರ. ಹೀಪ್ ದೊಡ್ಡದು ಮಾಡಿ ಆ ಜಿಸಿಯನ್ನೇ ದೂರ ತಳ್ಳಿದ್ದೆ. ಎಲ್ಲ ಕಡೆ 'ವಿತ್' (ಕೆಲಸ ಮುಗಿದ ಕೂಡಲೇ ಫೈಲ್ ಮುಚ್ಚಿಸುವ ಪೈಥಾನ್ ಪದ) ಹಾಕಿದ ಮೇಲೆ ಬ್ಯಾಚ್ ಮುಗಿಯಿತು.

ಬೈಟ್‌ಕೋಡ್ (ವಿಎಂ ಓಡಿಸುವ ಆದೇಶಗಳು) ಹೊಂದಿಸೋದು ಸುಲಭದ ಕೆಲಸ ರೀ. ಒಂದೊಂದು ವಿಎಂ ಕೂಡ ಬಾಯಿಬಿಟ್ಟು ಹೇಳದೆ ಒಂದಿಷ್ಟು ನಡೆಸಿಕೊಡುತ್ತದೆ, ಕೋಡ್ ಅದನ್ನು ನಂಬಿಕೊಂಡಿರುತ್ತದೆ, ತೊಂದರೆ ಇರೋದು ಅಲ್ಲಿ. ಪೈಥಾನ್‌ನಂಥ ಡೈನಾಮಿಕ್ ಭಾಷೆಗಳಿಗೋಸ್ಕರ ಜಾವಾ 7ರಲ್ಲಿ, 2011ಕ್ಕೆ, ಇನ್ವೋಕ್‌ಡೈನಾಮಿಕ್ ಅನ್ನೋ ಬೈಟ್‌ಕೋಡ್ ಆದೇಶ ಸೇರಿಸಿದರು. ಆದರೂ ಜೆವಿಎಂನಲ್ಲಿ ಟೇಲ್ ಕಾಲ್ (ಫಂಕ್ಷನ್‌ನ ಕೊನೆಯ ಕರೆಗೆ ಹೊಸ ಸ್ಟ್ಯಾಕ್ ಜಾಗ ತಿನ್ನದ ಸೌಲಭ್ಯ) ಇಲ್ಲ, ಕ್ಲೋಜರ್ ಭಾಷೆಯವರು 'ರಿಕರ್' ಅಂತ ಕೈಯಾರೆ ಬರೆಯಬೇಕು. ಎರ್ಲ್ಯಾಂಗ್ ಭಾಷೆಯ ವಿಎಂ ಆದ ಬೀಮ್‌ನಲ್ಲಿ ಪ್ರತಿ ಪ್ರೋಸೆಸ್‌ಗೂ ಅದರದ್ದೇ ಹೀಪ್, ಅದರದ್ದೇ ಜಿಸಿ. ಅದನ್ನು ಎಲ್ಲರೂ ಹಂಚಿಕೊಳ್ಳುವ ಹೀಪ್‌ಗೆ ತಂದರೆ ಉಳಿಯೋದು ಬರೀ ಸಿಂಟ್ಯಾಕ್ಸ್, ಅಲ್ವಾ? ಪ್ಯಾರಟ್ ಎಲ್ಲ ಡೈನಾಮಿಕ್ ಭಾಷೆಗಳಿಗೂ ಒಂದೇ ವಿಎಂ ಆಗಲು ಹೊರಟಿತ್ತು. 2009ರಲ್ಲಿ 1.0 ಬಂತು. ಆಮೇಲೆ ಅದನ್ನು ನೆಚ್ಚಿಕೊಂಡಿದ್ದ ರಾಕುಡೋನೇ (ಪರ್ಲ್ 6 ಕಂಪೈಲರ್) ಮೋರ್‌ವಿಎಂ ಅನ್ನೋ ಬೇರೆ ವಿಎಂಗೆ ಹೋಯಿತು.

ಈಗ ನಮ್ಮ ಸ್ಲೈಡ್‌ನಲ್ಲಿ ಜೆವಿಎಂ ಅಳಿಸಿ ವೆಬ್‌ಅಸೆಂಬ್ಲಿ (ಬ್ರೌಸರ್‌ಗಾಗಿ ಹುಟ್ಟಿದ ಬೈಟ್‌ಕೋಡ್) ಅಂತ ಹಾಕಿದ್ದಾರೆ. ಅಲ್ಲಿನ ಜಿಸಿಯಲ್ಲಿ ಫೈನಲೈಸರೇ (ಜಿಸಿ ಗುಡಿಸುವಾಗ ಫೈಲ್ ಮುಚ್ಚಿಕೊಡೋದು) ಇಲ್ಲ ಸಾರ್ ಅಂದೆ. "ಅದನ್ನ ಫೇಸ್ ಟೂನಲ್ಲಿ ನೋಡೋಣ" ಅಂದರು. ಟಿಕೆಟ್ ಮಾತ್ರ ಆಗಲೇ ನನ್ನ ಹೆಸರಿಗೆ ಬಂದಿದೆ.